ಕುರಿ ನೆಣದ ಪುಡಿಂಗ್: ಮೂರು ಸಲ ಕೆಟ್ಟಿತು, ನಾಲ್ಕನೇ ಸಲ ಬಂತು

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಪಕ್ಕದ ಮನೆಯಲ್ಲಿ 84 ವರ್ಷದ ಅಜ್ಜಿ ಇದ್ದಾರೆ. ಬೆರಳಿನ ಗಂಟುಗಳೆಲ್ಲ ಊದಿಕೊಂಡು ಈಗ ಅವರಿಗೆ ತುರಿಯುವುದು, ದಾರ ಕಟ್ಟುವುದು ಯಾವುದೂ ಆಗುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಮಾತಾಡುತ್ತಾ, ಅವರಮ್ಮ ಪ್ರತಿ ಶನಿವಾರ ಮಾಡುತ್ತಿದ್ದ ಮಾಂಸದ ಪುಡಿಂಗ್ ನೆನೆಸಿಕೊಂಡರು. ಪ್ಯಾಕೆಟ್ ನೆಣ ಹಾಕಿದರೆ ಆ ರುಚಿ ಬರುವುದಿಲ್ಲವಂತೆ. ನಾನು ಮಾಡಿಕೊಡುತ್ತೇನೆ ಅಂದೆ. ಅವರು ಒಳಗೆ ಹೋಗಿ ಅವರಮ್ಮನ ಪಿಂಗಾಣಿ ಬೋಗುಣಿ ತಂದು ಕೈಗೆ ಕೊಟ್ಟರು. ಮಾತು ಕೊಟ್ಟಾಗಿತ್ತು, ಹಿಂದೆ ಸರಿಯುವ ಹಾಗಿರಲಿಲ್ಲ. ಒಂದೇ ಶನಿವಾರದಲ್ಲಿ ಮುಗಿಯುವ ಕೆಲಸ ಅಂದುಕೊಂಡಿದ್ದೆ, ನಾಲ್ಕು ವಾರ ಹಿಡಿಯಿತು.

ಪುಡಿಂಗ್ ಅಂದ ಕೂಡಲೇ ಸಿಹಿ ಅಂದುಕೊಳ್ಳಬೇಡಿ. ಬೋಗುಣಿಯ ಒಳಗೆ ಕಣಕ ಹಾಸಿ, ಮಾಂಸ ತುಂಬಿ, ಮೇಲೆ ಕಣಕದ್ದೇ ಮುಚ್ಚಳ ಇಟ್ಟು, ನಾಲ್ಕೈದು ಗಂಟೆ ಹಬೆಯಲ್ಲಿ ಬೇಯಿಸುವ ಅಡುಗೆ ಇದು. ನಮ್ಮ ಕಡುಬಿನ ದೊಡ್ಡಣ್ಣ ಅನ್ನಬಹುದು. ಆ ಕಣಕಕ್ಕೆ ಬೆಣ್ಣೆಯಲ್ಲ, ನೆಣ ಬೀಳಬೇಕು. ಇಲ್ಲಿ ಅದಕ್ಕೆ ಸೂಯೆಟ್ ಅನ್ನುತ್ತಾರೆ. ದನ ಅಥವಾ ಕುರಿಯ ಕಿಡ್ನಿ ಸುತ್ತ, ಸೊಂಟದ ಒಳಗಡೆ ಇರುವ ಗಟ್ಟಿ ಕೊಬ್ಬು. ಇಲ್ಲಿನವರು ಹೆಚ್ಚಾಗಿ ದನದ್ದು ಬಳಸುತ್ತಾರೆ. ನಮ್ಮ ಮನೆಗೆ ದನದ ಮಾಂಸ ತರುವುದಿಲ್ಲ, ಹಾಗಾಗಿ ಕುರಿಯದು ಹಿಡಿದೆ. ಕುರಿ ನೆಣವೂ ಇಲ್ಲಿ ಹಳೆಯ ಕಾಲದಿಂದ ಬಳಕೆಯಲ್ಲಿದೆ, ಅಜ್ಜಿಯೂ ಪರವಾಗಿಲ್ಲ ಅಂದರು.

ಅಕ್ಟೋಬರ್ 12, ಶನಿವಾರ. ನೆಣ ತಂದದ್ದು, ಮೊದಲ ಸಲ ಕೆಟ್ಟದ್ದು

ಸೂಪರ್ ಮಾರ್ಕೆಟ್‌ನಲ್ಲಿ ಹಸಿ ನೆಣ ಸಿಗಲಿಲ್ಲ. ಮಾಂಸದ ಅಂಗಡಿಯಲ್ಲಿ ಮೂರು ದಿನ ಮೊದಲೇ ಹೇಳಿಡಬೇಕಾಯಿತು. ಕಿಲೋಗೆ 2 ಪೌಂಡ್. 1.3 ಕಿಲೋ ತಂದೆ, 2.60 ಪೌಂಡ್ ಆಯಿತು.

ನಮ್ಮ ಊರಲ್ಲಿ ಮಟನ್ ಅಂಗಡಿಯಲ್ಲಿ ಎಲ್ಲದಕ್ಕೂ ಚರ್ಬಿ ಅಂದುಬಿಡುತ್ತೇವೆ, ಆದರೆ ಎಲ್ಲ ಚರ್ಬಿಯೂ ಒಂದೇ ಅಲ್ಲ. ತೊಡೆಯ ಮೇಲಿನ ಕೊಬ್ಬು ಬೆರಳಿಗೆ ಜಿಡ್ಡು ಜಿಡ್ಡಾಗಿ ಅಂಟುತ್ತದೆ. ಕಿಡ್ನಿ ಸುತ್ತಲಿನದು ಒಣಗಿದ ಹಾಗಿರುತ್ತದೆ. ಹಿಸುಕಿದರೆ ಮೇಣದ ಬತ್ತಿಯ ಹಾಗೆ ಪುಡಿಪುಡಿಯಾಗಿ ಒಡೆಯುತ್ತದೆ. ಅಂಗಡಿಯವರು ತಪ್ಪಿ ಬೇರೆ ಕೊಬ್ಬು ಕೊಟ್ಟರೆ ಹೀಗೆ ಕೈಯಲ್ಲೇ ಗೊತ್ತಾಗುತ್ತದೆ. ಬೇರೆ ಕೊಬ್ಬಿನಲ್ಲಿ ಈ ಕೆಲಸ ಆಗುವುದಿಲ್ಲ.

ತಂದ ದಿನವೇ 200 ಗ್ರಾಂ ತೆಗೆದು ಸುಮ್ನೆ ಗ್ರೇಟರ್ ಮೇಲೆ ತುರಿಯಲು ಕೂತೆ. ಅಲ್ಲೇ ತಪ್ಪಿದ್ದು. ಅಡುಗೆಮನೆ ಬೆಚ್ಚಗಿತ್ತು, ಒಲೆ ಉರಿಯುತ್ತಿತ್ತು, ಕೈ ಅದಕ್ಕಿಂತ ಬಿಸಿ. ನೆಣದ ಒಳಗೆಲ್ಲ ತೆಳುವಾದ ಪೊರೆ ಇರುತ್ತದೆ, ಅದನ್ನು ಬಿಡಿಸಿರಲಿಲ್ಲ. ಪೊರೆ ಗ್ರೇಟರಿನ ತೂತುಗಳಿಗೆಲ್ಲ ಸಿಕ್ಕಿಕೊಂಡಿತು, ನೆಣ ಸವರಿದ ಹಾಗೆ ಮೆತ್ತಿಕೊಂಡಿತು. ಕೊನೆಗೆ ಸಿಕ್ಕಿದ್ದು ತುರಿಯಲ್ಲ, ಬಿಳಿ ಪೇಸ್ಟ್.

ಇರಲಿ ಬಿಡು ಅಂತ ಅದನ್ನೇ ಹಿಟ್ಟಿಗೆ ಕಲಸಿ, ಮಾಂಸ ಹಾಕದೆ ಕಣಕವನ್ನಷ್ಟೇ ಉಂಡೆ ಮಾಡಿ ಬೇಯಿಸಿ ನೋಡಿದೆ. ಕಲ್ಲು. ಒಳಗೆ ಒಂದು ತೂತೂ ಇಲ್ಲ, ತಿಂದರೆ ಹಲ್ಲಿಗೆ ಅಂಟುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ನೆಣ ಕರಗಲು 45 ಡಿಗ್ರಿಯಷ್ಟು ಬಿಸಿ ಬೇಕು, ಬೆಣ್ಣೆಗಿಂತ ಜಾಸ್ತಿ. ಹಿಟ್ಟು ಗಟ್ಟಿಯಾಗತೊಡಗುವ ತನಕ ನೆಣದ ಚೂರುಗಳು ಚೂರುಗಳಾಗಿಯೇ ಇದ್ದು, ಆಮೇಲೆ ಕರಗಿ ಜಾಗ ಬಿಡುತ್ತವೆ. ಕಣಕ ಹಗುರಾಗುವುದು ಆ ಜಾಗದಿಂದ. ನಾನು ಚೂರುಗಳನ್ನೇ ಉಳಿಸಿರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಗ್ರೇಟರ್ ತೊಳೆಯಲು ಕುದಿಯುವ ನೀರು ಸುರಿದೆ. ನೆಣ ಕರಗಿ ಸಿಂಕಿನೊಳಗೆ ಹೋಯಿತು, ಮುಂದೆ ಪೈಪಿನಲ್ಲಿ ತಣ್ಣಗಾಗಿ ಹೆಪ್ಪುಗಟ್ಟಿತು. ರಾತ್ರಿ ಸಿಂಕ್ ಕಟ್ಟಿಕೊಂಡಿತು. ಕೆಳಗಿನ ಬಾಗಿದ ಪೈಪ್ ಬಿಚ್ಚಿ, ಕಡ್ಡಿ ಹಾಕಿ ತೆಗೆಯುವುದರೊಳಗೆ 11 ಗಂಟೆ. ಈಗ ಮೊದಲು ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕುತ್ತೇನೆ, ಆಮೇಲೆ ತೊಳೆಯುತ್ತೇನೆ.

ಉಳಿದ 1.1 ಕಿಲೋ ಫ್ರೀಜರ್‌ಗೆ ಹೋಯಿತು.

ಅಕ್ಟೋಬರ್ 19, ಶನಿವಾರ. ತುರಿಯುವುದು, ಸರಿಯಾಗಿ

ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಪೂರ್ತಿ ಗಡ್ಡೆಕಟ್ಟಿದ್ದರೆ ಪೊರೆ ಬಿಡಿಸಲು ಬರುವುದಿಲ್ಲ, ಬೆಚ್ಚಗಿದ್ದರೆ ಕೈಗೆ ಮೆತ್ತುತ್ತದೆ. ಫ್ರಿಜ್ಜಿನ ತಂಪು ಸರಿಹೋಗುತ್ತದೆ. ನೆಣವನ್ನು ಕೈಯಲ್ಲೇ ಮುರಿದರೆ ಪೊರೆ ಇರುವ ಕಡೆಯೇ ಸೀಳಿಕೊಳ್ಳುತ್ತದೆ, ಹಲಸಿನ ತೊಳೆ ಬಿಡಿಸಿದ ಹಾಗೆ ಎಳೆದುಕೊಂಡು ಹೋಗಬೇಕು. ರಕ್ತದ ಕಲೆ ಇದ್ದಲ್ಲಿ ಚಾಕುವಿನಿಂದ ಕೆತ್ತಿ ತೆಗೆದೆ. ಒಂದೂವರೆ ಗಂಟೆ ಹಿಡಿಯಿತು. ಪೊರೆ, ಚೂರುಪಾರು ಸೇರಿ 280 ಗ್ರಾಂ ಆಚೆ ಬಂತು. ಅದನ್ನು ಎಸೆಯಲಿಲ್ಲ, ಬೇರೆ ಡಬ್ಬಿಗೆ ಹಾಕಿಟ್ಟೆ. ಶುದ್ಧವಾದದ್ದು 820 ಗ್ರಾಂ.

ಅದನ್ನು ಎರಡಿಂಚಿನ ತುಂಡು ಮಾಡಿ ಎರಡು ಗಂಟೆ ಮತ್ತೆ ಫ್ರೀಜರ್. ಗ್ರೇಟರ್, ತಟ್ಟೆ ಎರಡನ್ನೂ ಜೊತೆಗೇ ಒಳಗಿಟ್ಟೆ. ಆಮೇಲೆ ಒಂದು ಸಲಕ್ಕೆ ಎರಡೇ ತುಂಡು ಹೊರಗೆ ತೆಗೆದು, ಕೈ ಬಿಸಿ ತಾಗದ ಹಾಗೆ ಕಿಚನ್ ಪೇಪರಿನಲ್ಲಿ ಹಿಡಿದು, ದೊಡ್ಡ ತೂತಿನ ಕಡೆ ತುರಿದೆ. ಪ್ರತಿ 100 ಗ್ರಾಂಗೆ ಒಂದು ಚಮಚ ಮೈದಾ ಉದುರಿಸಿ ಕೊಡವಿದರೆ ಚೂರು ಒಂದಕ್ಕೊಂದು ಅಂಟುವುದಿಲ್ಲ.

ಮಿಕ್ಸಿಯಲ್ಲೂ ಒಂದು ಹಿಡಿ ಹಾಕಿ ನೋಡಿದೆ. ಬಿಟ್ಟು ಬಿಟ್ಟು ಹತ್ತು ಸೆಕೆಂಡ್ ತಿರುಗಿಸಿದಾಗ ಚೆನ್ನಾಗಿತ್ತು, ಇನ್ನೂ ಹತ್ತು ಸೆಕೆಂಡ್ ಬಿಟ್ಟದ್ದಕ್ಕೆ ಉಂಡೆ ಕಟ್ಟಲು ಶುರುವಾಯಿತು. ನನಗೆ ಗ್ರೇಟರೇ ಸರಿ.

ತುರಿದು ಮುಗಿಯುವಷ್ಟರಲ್ಲಿ ಬೆರಳುಗಳು ಮರಗಟ್ಟಿದ್ದವು. ಇಲ್ಲಿ ಎಲ್ಲ ಅಂಗಡಿಯಲ್ಲೂ ಅಟೋರಾ ಅಂತ ತುರಿದ ನೆಣದ ಪ್ಯಾಕೆಟ್ ಸಿಗುತ್ತದೆ. 1893ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೇಬ್ರಿಯಲ್ ಹ್ಯೂಗಾನ್ ಎಂಬ ಫ್ರಾನ್ಸಿನ ಮನುಷ್ಯ ಶುರು ಮಾಡಿದ್ದು. ಹೆಂಡತಿ ಅಡುಗೆಮನೆಯಲ್ಲಿ ನೆಣ ಕೊಚ್ಚಲು ಪಡುತ್ತಿದ್ದ ಪಾಡು ನೋಡಿ ಈ ಯೋಚನೆ ಹೊಳೆಯಿತಂತೆ. ಕಥೆ ಎಷ್ಟು ನಿಜವೋ, ಆ ಪಾಡು ಮಾತ್ರ ನಿಜ. ಪ್ಯಾಕೆಟ್ ನೆಣಕ್ಕೂ ಅಂಟದಿರಲಿ ಅಂತ ಹಿಟ್ಟು ಬೆರೆಸಿಯೇ ಇರುತ್ತದೆ, ಮತ್ತು ಅದು ದನದ್ದು. ಪಾಮ್ ಎಣ್ಣೆಯಲ್ಲಿ ಮಾಡಿದ ಸಸ್ಯಾಹಾರಿ ಪ್ಯಾಕೆಟ್ ಕೂಡ ಇದೆ, ಮಾಂಸ ತಿನ್ನದವರು ಅದರಲ್ಲಿ ಇದೇ ಕಣಕ ಮಾಡಬಹುದು.

115 ಗ್ರಾಂನ 7 ಚೀಲ ಮಾಡಿ ಫ್ರೀಜರ್‌ಗೆ ಹಾಕಿದೆ. ಒಂದು ಪುಡಿಂಗ್‌ಗೆ ಒಂದು ಚೀಲ.

ಅಕ್ಟೋಬರ್ 20, ಭಾನುವಾರ. ಎರಡನೇ ಸಲ: ನೆರಿಗೆ ಹಾಕದೆ ಕೆಟ್ಟದ್ದು

ಈ ಸಲ ಕಣಕ ಚೆನ್ನಾಗಿಯೇ ಬಂತು. ಮಾಂಸವನ್ನೂ ತುಂಬಿದೆ. ಬೋಗುಣಿಯ ಬಾಯಿಗೆ ಅಲ್ಯೂಮಿನಿಯಂ ಫಾಯಿಲನ್ನು ಡೋಲಿಗೆ ಚರ್ಮ ಎಳೆದು ಕಟ್ಟುವ ಹಾಗೆ ಬಿಗಿಯಾಗಿ ಎಳೆದು ಕಟ್ಟಿದೆ. ಬಿಗಿ ಇದ್ದಷ್ಟೂ ಒಳ್ಳೆಯದು ಅಂತ ನನ್ನ ಎಣಿಕೆ. ಪುಡಿಂಗ್ ಉಬ್ಬುತ್ತದೆ ಅನ್ನುವುದನ್ನೇ ಮರೆತಿದ್ದೆ. ಎರಡನೇ ಗಂಟೆಗೆ ಫಾಯಿಲ್ ಒಂದು ಕಡೆ ಹರಿದುಕೊಂಡಿದೆ, ಹಬೆಯ ನೀರು ಒಳಗೆ ಇಳಿದಿದೆ. ತೆರೆದಾಗ ಮೇಲಿನ ಕಣಕ ಗಂಜಿಯಂತಾಗಿತ್ತು. ಕೆಳಗಿನ ಮಾಂಸ ಬೆಂದಿತ್ತು, ಅದನ್ನು ಅನ್ನದ ಜೊತೆ ತಿಂದೆವು.

ಫಾಯಿಲ್‌ಗೂ, ಅದರ ಕೆಳಗೆ ಹಾಕುವ ಬೇಕಿಂಗ್ ಪೇಪರ್‌ಗೂ ಒಟ್ಟಿಗೆ, ನಡುಭಾಗದಲ್ಲಿ ಎರಡು ಬೆರಳಗಲ ನೆರಿಗೆ ಮಡಚಬೇಕು, ಸೀರೆಗೆ ಹಿಡಿದ ಹಾಗೆ. ಪುಡಿಂಗ್ ಉಬ್ಬಿದಾಗ ನೆರಿಗೆ ಬಿಚ್ಚಿಕೊಂಡು ಜಾಗ ಕೊಡುತ್ತದೆ. ಇಷ್ಟು ಚಿಕ್ಕ ವಿಷಯಕ್ಕೆ ಒಂದು ಇಡೀ ಭಾನುವಾರ ಹೋಯಿತು.

ಅಕ್ಟೋಬರ್ 26, ಶನಿವಾರ. ಮೂರನೇ ಸಲ: ಬೋಗುಣಿ ಸೀಳಿದ್ದು

ಇದನ್ನು ಬರೆಯಲು ಈಗಲೂ ಮನಸ್ಸಾಗುವುದಿಲ್ಲ. ಎಲ್ಲ ಸರಿಯಾಗಿತ್ತು. ಕಣಕ ಸರಿ, ನೆರಿಗೆ ಸರಿ, ದಾರ ಸರಿ. ಒಲೆ ಹಚ್ಚಿ ಎರಡು ಗಂಟೆಯಾದ ಮೇಲೆ ಆಫೀಸಿನ ಒಂದು ಕರೆ ಬಂತು. ಮೇಲಿನ ಕೋಣೆಗೆ ಹೋದವನು ಒಂದು ಗಂಟೆ ಹತ್ತು ನಿಮಿಷ ಅಲ್ಲೇ ಕೂತೆ. ಸೀದ ವಾಸನೆ ಮೆಟ್ಟಿಲು ಹತ್ತಿ ಬಂದಾಗಲೇ ನೆನಪಾದದ್ದು. ಪಾತ್ರೆಯಲ್ಲಿ ಒಂದು ಹನಿ ನೀರಿಲ್ಲ. ಗಾಬರಿಯಲ್ಲಿ ಕೆಟಲ್‌ನಲ್ಲಿದ್ದ ತಣ್ಣೀರನ್ನು ಹಾಗೇ ಸುರಿದುಬಿಟ್ಟೆ. ಟಿಕ್ ಅಂತ ಒಂದು ಸದ್ದು. ಅಜ್ಜಿಯ ಅಮ್ಮನ ಬೋಗುಣಿ ಬಾಯಿಂದ ಬುಡದವರೆಗೆ ಕೂದಲೆಳೆಯಷ್ಟು ಸೀಳಿತು.

ನೀರು ಆರಿದ್ದರೆ ಒಲೆ ಆರಿಸಿ, ಪಾತ್ರೆ ತಾನಾಗಿ ತಣ್ಣಗಾಗಲು ಬಿಡಬೇಕಿತ್ತು. ಮಧ್ಯೆ ನೀರು ಸೇರಿಸುವುದಾದರೆ ಯಾವಾಗಲೂ ಕುದಿಯುವ ನೀರನ್ನೇ ಹಾಕಬೇಕು.

ಭಾನುವಾರ ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿದಾಗ ಹೇಳಿದೆ. ಅಮ್ಮ ಹಾಸನದಲ್ಲಿರುವುದು. "ಅಲ್ವೋ, ಇಡ್ಲಿ ಪಾತ್ರೆಗೆ ಕಾಸು ಹಾಕ್ತಿದ್ದದ್ದು ನೋಡಿಲ್ವಾ ನೀನು? ಟಣಟಣ ಅಂತಿದ್ರೆ ನೀರಿದೆ ಅಂತ, ಸದ್ದು ನಿಂತ್ರೆ ಓಡಿ ಬರಬೇಕು ಅಂತ. ಒಂದು ನಿಂಬೆ ಸಿಪ್ಪೆನೂ ಹಾಕು, ಪಾತ್ರೆ ಕಪ್ಪಾಗಲ್ಲ" ಅಂದರು. ನೋಡಿದ್ದೆ. ಚಿಕ್ಕವನಿದ್ದಾಗ ದಿನಾ ಕೇಳಿದ ಸದ್ದು ಅದು, ಹೊಳೆದಿರಲಿಲ್ಲ ಅಷ್ಟೆ.

ಆ ಮೇಲೆ ಬೋಗುಣಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ. ಅಜ್ಜಿ ಸೀಳಿನ ಮೇಲೆ ಬೆರಳಾಡಿಸಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಾನೂ ಕ್ಷಮಿಸಿ ಅಂದದ್ದು ಬಿಟ್ಟು ಬೇರೆ ಮಾತು ಆಡಲಿಲ್ಲ. ಆಮೇಲೆ ಅವರೇ, "ಕೆಳಗೆ ಸಾಸರ್ ಇಟ್ಟಿರಲಿಲ್ವಾ, ಲವ್?" ಅಂದರು. ಅವರ ಮನೆಯಲ್ಲಿ ಪಾತ್ರೆಯ ತಳಕ್ಕೆ ಒಂದು ಸಾಸರ್ ಬೋರಲು ಹಾಕಿ ಅದರ ಮೇಲೆ ಬೋಗುಣಿ ಇಡುತ್ತಿದ್ದರಂತೆ. ನೀರು ಕುದಿಯುವಾಗ ಸಾಸರ್ ಕಟಕಟ ಅನ್ನುತ್ತಿರುತ್ತದೆ, ನಿಂತರೆ ನೀರು ಕಡಿಮೆಯಾಯಿತು ಅಂತ ಅರ್ಥ. ಅಮ್ಮನ ಕಾಸಿನ ವಿಷಯ ಹೇಳಿದೆ. ಅದನ್ನು ಕೇಳಿ ಅವರಿಗೆ ತುಂಬಾ ಖುಷಿಯಾಯಿತು, ಎರಡು ಸಲ ಹೇಳಿಸಿಕೊಂಡರು.

ಹೊಸ ಬೋಗುಣಿ, ಒಂದು ಲೀಟರಿನದು, 7 ಪೌಂಡ್. ಹಳೆಯದನ್ನು ಅಜ್ಜಿ ಮೊಟ್ಟೆ ಇಡಲು ಇಟ್ಟುಕೊಂಡಿದ್ದಾರೆ.

ನವೆಂಬರ್ 2, ಶನಿವಾರ. ನಾಲ್ಕನೇ ಸಲ

ಇದು ಸರಿಯಾಗಿ ಬಂದ ಅಳತೆ. ಬೋಗುಣಿ ಒಂದು ಲೀಟರ್, ನಾಲ್ಕು ಜನಕ್ಕೆ ಸಾಕು.

ಒಳಗಿನ ಮಾಂಸ ಮೊದಲು. ಮೂಳೆ ಇಲ್ಲದ ಕುರಿ ಭುಜದ ಮಾಂಸ 400 ಗ್ರಾಂ, ಒಂದಿಂಚು ತುಂಡು. ಎರಡು ಕುರಿ ಕಿಡ್ನಿ. ಕಿಡ್ನಿಯನ್ನು ಉದ್ದಕ್ಕೆ ಸೀಳಿ, ಮಧ್ಯದ ಬಿಳಿ ಗಂಟನ್ನು ಕತ್ತರಿಯಲ್ಲಿ ಪೂರ್ತಿ ತೆಗೆದು, ಅರ್ಧ ಗಂಟೆ ಉಪ್ಪು ನೀರಿನಲ್ಲಿ ನೆನೆಸಿ ತೊಳೆಯಬೇಕು. ಆ ಗಂಟು ಉಳಿದರೆ ವಾಸನೆ ಬರುತ್ತದೆ. ಎರಡು ಚಮಚ ಮೈದಾ, ಉಪ್ಪು, ಜಜ್ಜಿದ ಕರಿಮೆಣಸು, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಥೈಮ್ ಎಲೆ ಸ್ವಲ್ಪ, ಎಲ್ಲ ಸೇರಿಸಿ ಹೊರಳಾಡಿಸಿಟ್ಟೆ. ಮೆಣಸು ಊರಿಂದ ತಂದದ್ದು. ಗರಂ ಮಸಾಲೆ ಡಬ್ಬಿ ಕೈಗೆಟುಕುವಲ್ಲೇ ಇತ್ತು, ಮುಟ್ಟಲಿಲ್ಲ. ಇದು ಅಜ್ಜಿಯ ಮನೆಯ ಅಡುಗೆ, ಅವರ ರುಚಿಯೇ ಬರಬೇಕು. ಅದಕ್ಕೇ ಒಂದು ದೊಡ್ಡ ಚಮಚ ಹೆಂಡರ್ಸನ್ಸ್ ರೆಲಿಶ್ ಹಾಕಿದೆ. ಶೆಫೀಲ್ಡ್‌ನದೇ ಸಾಸ್ ಅದು, ಹುಳಿ ಇರುತ್ತದೆ, ಇಲ್ಲಿನವರು ಯಾವ ಮಾಂಸಕ್ಕಾದರೂ ಸುರಿದುಕೊಳ್ಳುತ್ತಾರೆ.

ಕಣಕಕ್ಕೆ 225 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು, ಅಂದರೆ ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ. ನೆಣ 115 ಗ್ರಾಂ, ಫ್ರೀಜರ್‌ನಿಂದ ನೇರ. ಹಿಟ್ಟಿನ ಅರ್ಧದಷ್ಟು ನೆಣ ಅಂತ ನೆನಪಿಟ್ಟರೆ ಸಾಕು. ಅರ್ಧ ಚಮಚ ಉಪ್ಪು. ತಣ್ಣೀರು 150 ಮಿಲಿ ಅಂದಾಜು, ಸ್ವಲ್ಪ ಸ್ವಲ್ಪವೇ. ಚಾಕುವಿನಿಂದ ಕಲಸಿ ಕೊನೆಗೆ ಮಾತ್ರ ಕೈ ಹಾಕಿ ಒಂದುಗೂಡಿಸಬೇಕು. ಚಪಾತಿ ಹಿಟ್ಟಿನ ಹಾಗೆ ನಾದಬಾರದು. ನಮ್ಮ ಕೈ ತಾನಾಗಿ ನಾದಲು ಹೋಗುತ್ತದೆ, ಅದನ್ನು ತಡೆಯುವುದೇ ಕಷ್ಟ. ನೀರು ಬಿದ್ದ ಕೂಡಲೇ ಬೇಕಿಂಗ್ ಪೌಡರ್ ಕೆಲಸ ಶುರು ಮಾಡುವುದರಿಂದ, ಕಣಕ ಕಲಸಿ ಇಟ್ಟು ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಮಾಂಸ, ಪೇಪರ್, ದಾರ, ಕುದಿಯುವ ನೀರು ಎಲ್ಲ ಸಿದ್ಧ ಮಾಡಿಕೊಂಡ ಮೇಲೆ ಕಲಸಿ.

30 ಸೆಂಟಿಮೀಟರ್ ಅಗಲ ಲಟ್ಟಿಸಿ, ಕಾಲು ಭಾಗವನ್ನು ದೋಸೆ ತುಂಡಿನ ಹಾಗೆ ಕತ್ತರಿಸಿ ಮುಚ್ಚಳಕ್ಕೆ ಎತ್ತಿಟ್ಟೆ. ಉಳಿದ ಮುಕ್ಕಾಲನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತಿ, ಬೆಣ್ಣೆ ಸವರಿದ ಬೋಗುಣಿಗೆ ಇಳಿಸಿ, ಅಂಚು ಒಂದರ ಮೇಲೊಂದು ಬರುವ ಕಡೆ ನೀರು ಹಚ್ಚಿ ಒತ್ತಿದೆ. ತೂತು ಉಳಿದರೆ ಗ್ರೇವಿ ಎಲ್ಲ ಹೊರಗೆ ಹೋಗುತ್ತದೆ. ಮಾಂಸ ತುಂಬಿ, 120 ಮಿಲಿ ಮಟನ್ ಸ್ಟಾಕ್ (ಮಟನ್ ಬೇಯಿಸಿ ಸೋಸಿದ ನೀರು) ಸುರಿದು, ಮುಚ್ಚಳ ಹಾಕಿ ಅಂಚು ಒತ್ತಿದೆ. ಬೋಗುಣಿಯ ಬಾಯಿಗಿಂತ ಎರಡು ಸೆಂಟಿಮೀಟರ್ ಕೆಳಗೇ ನಿಂತಿರಬೇಕು.

ಬೆಣ್ಣೆ ಸವರಿದ ಬೇಕಿಂಗ್ ಪೇಪರ್, ಅದರ ಮೇಲೆ ಫಾಯಿಲ್, ಎರಡಕ್ಕೂ ಒಟ್ಟಿಗೆ ನೆರಿಗೆ. ಬೋಗುಣಿಯ ಅಂಚಿನ ಕೆಳಗೆ ಎರಡು ಸುತ್ತು ದಾರ, ಅದರಿಂದಲೇ ಮೇಲೆ ಹಿಡಿಕೆ. ಹಿಡಿಕೆ ಇಲ್ಲದಿದ್ದರೆ ಬಿಸಿ ಬೋಗುಣಿ ಹೊರಗೆ ತೆಗೆಯಲು ಆಗುವುದೇ ಇಲ್ಲ. ತಳಕ್ಕೆ ಸಾಸರ್ ಬೋರಲು, ಪಕ್ಕದಲ್ಲಿ ಅಮ್ಮನ ಮಾತಿನಂತೆ ಎರಡು ಪೆನ್ಸ್‌ನ ಒಂದು ನಾಣ್ಯ, ನಿಂಬೆ ಸಿಪ್ಪೆ. ನೀರು ಬೋಗುಣಿಯ ಅರ್ಧದವರೆಗೆ. ನಾಲ್ಕೂವರೆ ಗಂಟೆ. 40 ನಿಮಿಷಕ್ಕೊಮ್ಮೆ ಕೆಟಲ್‌ನಿಂದ ಕುದಿಯುವ ನೀರು. ಆ ದಿನ ಫೋನ್ ಆರಿಸಿಟ್ಟಿದ್ದೆ, ಕೆಳಗಡೆಯೇ ಕೂತು ಸದ್ದು ಕೇಳುತ್ತಿದ್ದೆ.

ಸಂಜೆ ಆರಕ್ಕೆ ತಟ್ಟೆಯ ಮೇಲೆ ಬೋರಲು ಹಾಕಿದೆ. ಬಿಟ್ಟುಕೊಂಡು ಬಂತು, ನೆಟ್ಟಗೆ ನಿಂತಿತು. ಬಣ್ಣ ತಿಳಿ ಹೊಂಬಣ್ಣ. ಚಾಕು ಹಾಕಿದಾಗ ಕಣಕ ಹತ್ತಿಯ ಹಾಗೆ ಬಿಟ್ಟುಕೊಂಡು ಒಳಗಿಂದ ಗ್ರೇವಿ ಹರಿಯಿತು. ಕಣಕದಲ್ಲಿ ನೆಣ ಇದ್ದ ಜಾಗದ ಸಣ್ಣ ಸಣ್ಣ ತೂತು ಕಾಣುತ್ತಿತ್ತು. ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಜ್ಜಿ ಎರಡು ಸಲ ಹಾಕಿಸಿಕೊಂಡರು. ಇಂಗ್ಲೆಂಡಿನಲ್ಲಿ ಮಾಂಸದ ರೇಷನ್ ಮುಗಿದದ್ದು 1954ರ ಜುಲೈಯಲ್ಲಿ, ಆಗ ಅವರಿಗೆ 14 ವರ್ಷ. ಅಲ್ಲಿಯವರೆಗೆ ಅವರ ಮನೆಯ ಪುಡಿಂಗ್‌ನಲ್ಲಿ ಮಾಂಸ ಸ್ವಲ್ಪ, ಕಣಕವೇ ಜಾಸ್ತಿ. ಅದಕ್ಕೇ ಈಗಲೂ ಅವರು ಮೊದಲು ತಿನ್ನುವುದು ಗ್ರೇವಿ ಹೀರಿದ ಕಣಕವನ್ನು.

ಕುರಿ ನೆಣ ಬಳಸುವವರಿಗೆ ಒಂದು ಮಾತು. ತಟ್ಟೆಗಳನ್ನು ಮೊದಲೇ ಬಿಸಿ ಮಾಡಿಡಿ, ಬಡಿಸಿದ ಕೂಡಲೇ ತಿನ್ನಿ. ತಣ್ಣಗಾದರೆ ಬಾಯಿಯ ಮೇಲ್ಭಾಗಕ್ಕೆ ಮೇಣದಂತೆ ಹತ್ತುತ್ತದೆ. ನಾನು ಫೋಟೋ ತೆಗೆಯುತ್ತಾ ಕೂತು ನನ್ನ ತಟ್ಟೆಯನ್ನು ಕೆಡಿಸಿಕೊಂಡೆ.

ಖರ್ಚು: ಮಾಂಸ 6.50, ಎರಡು ಕಿಡ್ನಿ 1, ನೆಣ ಒಂದು ಚೀಲಕ್ಕೆ 40 ಪೆನ್ಸಿಗೂ ಕಡಿಮೆ, ಹಿಟ್ಟು, ಈರುಳ್ಳಿ ಇತ್ಯಾದಿ ಸೇರಿ ಸುಮಾರು 8.50 ಪೌಂಡ್. ಸೀದ ಪಾತ್ರೆ, ಸೀಳಿದ ಬೋಗುಣಿ ಲೆಕ್ಕಕ್ಕೆ ಹಿಡಿದಿಲ್ಲ.

ನವೆಂಬರ್ 9 ಮತ್ತು 10. ಚೂರುಪಾರು, ಡಂಪ್ಲಿಂಗ್

ಎತ್ತಿಟ್ಟ 280 ಗ್ರಾಂ ಪೊರೆ, ಚೂರುಗಳನ್ನು ಅರ್ಧ ಲೋಟ ನೀರಿನ ಜೊತೆ ಅತಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಇಟ್ಟು, ತೆಳು ಬಟ್ಟೆಯಲ್ಲಿ ಸೋಸಿದೆ. 150 ಗ್ರಾಂ ಬಿಳಿ ಕೊಬ್ಬು ಸಿಕ್ಕಿತು. ಕೊನೆಯ ಹತ್ತು ನಿಮಿಷ ಅವಸರಕ್ಕೆ ಉರಿ ಏರಿಸಿದ್ದರಿಂದ ಸ್ವಲ್ಪ ಕಂದು ಬಣ್ಣ, ಸೀದ ವಾಸನೆ ಬಂತು. ಏರಿಸಬೇಡಿ. ಆಲೂಗಡ್ಡೆಯನ್ನು ಅರೆಬೇಯಿಸಿ, ಈ ಕೊಬ್ಬಿನಲ್ಲಿ ಹೊರಳಿಸಿ ಓವನ್‌ನಲ್ಲಿ 200 ಡಿಗ್ರಿಗೆ 50 ನಿಮಿಷ ಇಟ್ಟರೆ ಮೇಲೆ ಗರಿಗರಿ, ಒಳಗೆ ಮೆತ್ತಗೆ.

ಡಂಪ್ಲಿಂಗ್ ಎಲ್ಲಕ್ಕಿಂತ ಸುಲಭ. 100 ಗ್ರಾಂ ಅದೇ ಹಿಟ್ಟು, 50 ಗ್ರಾಂ ನೆಣ, ಉಪ್ಪು, ನೀರು. ನಿಂಬೆಹಣ್ಣಿನ ಗಾತ್ರದ ಉಂಡೆ, ಕುದಿಯುತ್ತಿರುವ ಸ್ಟ್ಯೂ ಮೇಲೆ ಬಿಟ್ಟು ಮುಚ್ಚಳ ಹಾಕಿ 20 ನಿಮಿಷ, ಮಧ್ಯೆ ತೆರೆಯಬಾರದು. ಶನಿವಾರ ಸ್ಟ್ಯೂನಲ್ಲಿ ಚೆನ್ನಾಗಿ ಬಂತು ಅಂತ ಭಾನುವಾರ ಮನೆಯ ಮಟನ್ ಸಾರಿಗೂ ಬಿಟ್ಟು ನೋಡಿದೆ. ಉಂಡೆಗಳು ಸಾರನ್ನೆಲ್ಲ ಕುಡಿದುಬಿಟ್ಟವು, ತಳ ಹಿಡಿಯಿತು. ಸಾರು ನೀರಾಗಿದ್ದರೆ ಆಗುತ್ತದೆ. ಹೆಂಡತಿ ಮಾತ್ರ ಇದಕ್ಕಿಂತ ಮುದ್ದೆಯೇ ಸರಿ ಅಂದಳು, ನಾನೂ ಒಪ್ಪುತ್ತೇನೆ.

ನವೆಂಬರ್ 24, ಭಾನುವಾರ

ಕ್ರಿಸ್‌ಮಸ್‌ಗೆ ಮುಂಚಿನ ಆಡ್ವೆಂಟ್ ದಿನಗಳು ಶುರುವಾಗುವ ಹಿಂದಿನ ಭಾನುವಾರ ಇಲ್ಲಿ ಕ್ರಿಸ್‌ಮಸ್ ಪುಡಿಂಗ್ ಕಲಸುವ ದಿನ. ಆ ಭಾನುವಾರದ ಹಳೆಯ ಚರ್ಚ್ ಪ್ರಾರ್ಥನೆ 'ಕಲಕು' ಅನ್ನುವ ಅರ್ಥದ ಮಾತಿನಿಂದಲೇ ಆರಂಭ. ಮನೆಯವರೆಲ್ಲ ಒಬ್ಬೊಬ್ಬರಾಗಿ ಪೂರ್ವದಿಂದ ಪಶ್ಚಿಮಕ್ಕೆ ಸೌಟು ತಿರುಗಿಸಬೇಕು. ಒಣದ್ರಾಕ್ಷಿ, ಬ್ರೆಡ್ ಪುಡಿ, ಕಂದು ಸಕ್ಕರೆ, ಮೊಟ್ಟೆ, ಚಕ್ಕೆ, ಜಾಯಿಕಾಯಿ, ಬ್ರಾಂದಿ, ಜೊತೆಗೆ ಒಂದು ಚೀಲ ನೆಣ. ಸಿಹಿಗೆ ಕುರಿ ವಾಸನೆ ಹೊಡೆಯುತ್ತದೇನೋ ಅಂತ ನನಗೆ ಭಯವಿತ್ತು. ಹಸಿಯಲ್ಲಿ ಸ್ವಲ್ಪ ಇತ್ತು, ಆರು ಗಂಟೆ ಬೆಂದ ಮೇಲೆ ನನ್ನ ಮೂಗಿಗೆ ಸಿಗಲಿಲ್ಲ. ಅಜ್ಜಿ ಎರಡೂ ಕೈಯಲ್ಲಿ ಸೌಟು ಹಿಡಿದು ಮೂರು ಸುತ್ತು ತಿರುಗಿಸಿದರು. ಬಟ್ಟೆ ಕಟ್ಟಿ ಬೀರುವಿನಲ್ಲಿ ಇಟ್ಟಿದ್ದೇನೆ. ಹಬ್ಬದ ದಿನ ಇನ್ನೆರಡು ಗಂಟೆ ಹಬೆ ಕೊಡಬೇಕು.

ನವೆಂಬರ್ 30, ಶನಿವಾರ. ಈಗ ಸಿಕ್ಕಿಕೊಂಡಿರುವ ಜಾಗ

ಜ್ಯಾಮ್ ರೋಲಿಪೋಲಿ. ಇದೇ ಕಣಕ ಚೌಕಕ್ಕೆ ಲಟ್ಟಿಸಿ, ಜ್ಯಾಮ್ ಹಚ್ಚಿ, ಚಾಪೆಯಂತೆ ಸುತ್ತಿ, ಬಟ್ಟೆಯಲ್ಲಿ ಕಟ್ಟಿ ಬೇಯಿಸುವುದು. ಹಿಂದೆ ಹಳೆಯ ಶರ್ಟಿನ ತೋಳಿನಲ್ಲಿ ಕಟ್ಟುತ್ತಿದ್ದರು, ಅದಕ್ಕೇ ಶರ್ಟ್ ತೋಳಿನ ಪುಡಿಂಗ್ ಅಂತಲೂ ಹೆಸರಿದೆ. ಇವತ್ತು ಮಾಡಿದ್ದು ಉದ್ದಕ್ಕೆ ಬಿರಿದು, ಜ್ಯಾಮ್ ಎಲ್ಲ ಬಟ್ಟೆಗೆ ಹೋಯಿತು. ಎರಡು ತಪ್ಪು ಕಾಣುತ್ತಿದೆ. ಅಂಚಿನವರೆಗೂ ಜ್ಯಾಮ್ ಹಚ್ಚಿದ್ದೆ, ಎರಡು ಸೆಂಟಿಮೀಟರ್ ಬಿಡಬೇಕಿತ್ತು. ಬಟ್ಟೆಯನ್ನೂ ಬಿಗಿಯಾಗಿ ಕಟ್ಟಿದ್ದೆ, ಫಾಯಿಲ್‌ಗೆ ಮಾಡಿದ ತಪ್ಪನ್ನೇ ಮತ್ತೆ. ಫ್ರೀಜರ್‌ನಲ್ಲಿ ಒಂದು ಚೀಲ ನೆಣ ಉಳಿದಿದೆ. ಮುಂದಿನ ಶನಿವಾರ ಬಟ್ಟೆ ಸಡಿಲ ಬಿಟ್ಟು ನೋಡುತ್ತೇನೆ.